ರಕ್ತ ಬಾರದ ಒಸಡಿನ ಗುಟ್ಟು

ಒಸಡಿನ ಕಾಯಿಲೆಯ ಮೊದಲ ಗುರುತು ಯಾವುದೆಂದು ಯಾರನ್ನೇ ಕೇಳಿ, ಹಲ್ಲುಜ್ಜುವಾಗ ರಕ್ತ ಬರುವುದು ಎನ್ನುತ್ತಾರೆ. ಮಾತು ಸರಿಯೇ. ಆದರೆ ದಿನಕ್ಕೊಂದು ಕಟ್ಟು ಬೀಡಿಯನ್ನೋ ಒಂದು ಪ್ಯಾಕು ಸಿಗರೇಟನ್ನೋ ಮುಗಿಸುವವರ ಬಾಯಲ್ಲಿ ಈ ಲೆಕ್ಕ ತಪ್ಪುತ್ತದೆ. ಅವರ ಒಸಡು ಮಾಸಲು ಬಣ್ಣಕ್ಕೆ ತಿರುಗಿ, ನೋಡಲು ಗಟ್ಟಿಯಾಗಿಯೇ ಇರುತ್ತದೆ. ಬ್ರಷ್ ತಾಗಿದರೂ ರಕ್ತ ಒಸರುವುದು ಕಡಿಮೆ. ‘ಹಲ್ಲಿಗೇನೂ ಆಗಿಲ್ಲ ಡಾಕ್ಟ್ರೇ, ಸ್ವಲ್ಪ ಕರೆ ಕಟ್ಟಿದೆ, ತೆಗೆದುಬಿಡಿ’ ಎಂದು ಬರುವವರು ಇಂಥವರೇ. ದಂತವೈದ್ಯರು ಅಳತೆಗೆರೆಗಳಿರುವ ತೆಳು ಸಲಾಕೆಯನ್ನು ಒಸಡಿಗೂ ಹಲ್ಲಿಗೂ ನಡುವೆ ಇಳಿಸಿದಾಗ ನಿಜ ಬಯಲಾಗುತ್ತದೆ. ಆರೋಗ್ಯವಾಗಿರುವ ಒಸಡಿನಲ್ಲಿ ಅದು 3 ಮಿಲಿಮೀಟರ್ ದಾಟುವುದಿಲ್ಲ. ಇವರಲ್ಲಿ ಆರೇಳು ಮಿಲಿಮೀಟರ್ ಇಳಿದುಬಿಡಬಹುದು. ಹಲ್ಲನ್ನು ಹಿಡಿದಿಟ್ಟ ಮೂಳೆ ಸವೆದಿರುವುದು ಎಕ್ಸ್‌-ರೇಯಲ್ಲಿ ಕಾಣುತ್ತದೆ.

ರಕ್ತ ಏಕೆ ಬರಲಿಲ್ಲ? ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿ ಬ್ಯಾಕ್ಟೀರಿಯಾಗಳು ಬೆಳೆದಾಗ, ದೇಹ ಅಲ್ಲಿಗೆ ಹೆಚ್ಚು ರಕ್ತ ಹರಿಸುತ್ತದೆ. ಒಸಡು ಕೆಂಪೇರಿ ಊದಿಕೊಳ್ಳುವುದು, ತುಸು ತಾಗಿದರೂ ರಕ್ತ ಜಿನುಗುವುದು ಈ ಹೋರಾಟದ ಲಕ್ಷಣ. ಹೊಗೆಯಲ್ಲಿರುವ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ವರ್ಷಗಟ್ಟಲೆ ಸೇದಿದವರ ಒಸಡು ಸೋಂಕಿಗೆ ಸ್ಪಂದಿಸುವ ರೀತಿಯೇ ಮಂಕಾಗುತ್ತದೆ. ಬ್ಯಾಕ್ಟೀರಿಯಾಗಳನ್ನು ನುಂಗಬೇಕಾದ ಬಿಳಿ ರಕ್ತಕಣಗಳೂ ಹೊಗೆಯ ವಿಷಕ್ಕೆ ಸಿಕ್ಕಿ ದಾರಿ ತಪ್ಪುತ್ತವೆ. ಅವು ವೈರಿಯನ್ನು ಕೊಲ್ಲುವ ಬದಲು, ತಮ್ಮಲ್ಲಿನ ಕಿಣ್ವಗಳನ್ನು ಸುರಿದು ಒಸಡಿನ ಅಂಗಾಂಶವನ್ನೇ ಹಾಳುಗೆಡವುತ್ತವೆ. ಆಮ್ಲಜನಕ ಕಡಿಮೆಯಾದ ಒಸಡಿನ ಸಂದುಗಳಲ್ಲಿ, ಗಾಳಿ ಬೇಡದ ಬ್ಯಾಕ್ಟೀರಿಯಾಗಳು ನೆಮ್ಮದಿಯಾಗಿ ನೆಲೆಯೂರುತ್ತವೆ. ಕಳ್ಳ ಒಳಗೆ ಬಂದರೂ ಬೊಗಳದ ನಾಯಿಯಂತೆ, ಸೇದುವವರ ಒಸಡು ಸುಮ್ಮನಿದ್ದುಬಿಡುತ್ತದೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಮಾಹಿತಿಯನ್ನು ಜಾಲಾಡಿ 2000ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಎಂದೂ ಸೇದದವರಿಗಿಂತ ಸೇದುವವರಲ್ಲಿ ಒಸಡು-ಮೂಳೆಯ ಕಾಯಿಲೆಯ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚು. ಅದೇ ಅಧ್ಯಯನ ಆಶೆಯ ಮಾತನ್ನೂ ಹೇಳಿತು: ಬಿಟ್ಟು ಹನ್ನೊಂದು ವರ್ಷ ದಾಟಿದವರ ಅಪಾಯ, ಎಂದೂ ಸೇದದವರ ಮಟ್ಟಕ್ಕೆ ಹತ್ತಿರ ಬಂದಿತ್ತು.

ಹಲ್ಲು ಕೀಳಿಸಿಕೊಂಡ ಮೇಲೂ ಹೊಗೆ ಕಾಡುತ್ತದೆ. ಕಿತ್ತ ಕುಳಿಯಲ್ಲಿ ಹೆಪ್ಪುಗಟ್ಟುವ ರಕ್ತವೇ ಗಾಯದ ಹೊದಿಕೆ. ಬೇಗನೆ ಬೀಡಿ ಸೇದಿದರೆ ಆ ಹೆಪ್ಪು ಕಳಚಿ ಮೂಳೆ ಬರಿದಾಗಿ, ಕಿವಿಯವರೆಗೆ ಸಿಡಿಯುವ ನೋವು ಬರಬಹುದು. ಸಾವಿರಾರು ರೂಪಾಯಿ ಸುರಿದು ಹಾಕಿಸಿದ ಇಂಪ್ಲಾಂಟ್ ಕೂಡ ಸೇದುವವರಲ್ಲಿ ಹೆಚ್ಚಾಗಿ ವಿಫಲವಾಗುತ್ತದೆ.

ಬೀಡಿ ಸಣ್ಣದು, ಕೇಡು ಸಣ್ಣದಲ್ಲ

ಕಾಗದಕ್ಕೆ ಬದಲು ಎಲೆ ಸುತ್ತಿದ್ದು, ತಂಬಾಕೂ ಕಡಿಮೆ, ಹಾಗಾಗಿ ಬೀಡಿ ವಾಸಿ ಎಂಬ ನಂಬಿಕೆ ನಮ್ಮಲ್ಲಿದೆ. ಬೀಡಿ ಎಲೆಯಲ್ಲಿ ಗಾಳಿಯಾಡುವುದಿಲ್ಲ. ಆರದಂತೆ ಉಳಿಸಲು ಮತ್ತೆ ಮತ್ತೆ, ಜೋರಾಗಿ ದಮ್ಮು ಎಳೆಯಬೇಕು. ಹೀಗೆ ಪುಟ್ಟ ಬೀಡಿಯಿಂದಲೂ ಸಿಗರೇಟಿಗಿಂತ ಹೆಚ್ಚು ಟಾರ್, ನಿಕೋಟಿನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಒಳಗೆ ಹೋಗುತ್ತವೆ. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿದ್ದು, ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಅವು ಮೊದಲು ತಾಗುವುದೇ ಬಾಯಿಗೆ.

ಇದರ ಘೋರ ರೂಪ ಆಂಧ್ರದ ಉತ್ತರ ಕರಾವಳಿಯ ಶ್ರೀಕಾಕುಳಂ, ವಿಶಾಖಪಟ್ಟಣದ ಕಡೆ ಕಾಣುತ್ತದೆ. ಅಲ್ಲಿನ ಕೆಲವು ಮಹಿಳೆಯರು ಚುಟ್ಟಾದ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುತ್ತಾರೆ. ಬೇರೆಡೆ ಅಪರೂಪವಾದ ಗಟ್ಟಿ ಅಂಗುಳಿನ ಕ್ಯಾನ್ಸರ್ ಅವರಲ್ಲಿ ಹೆಚ್ಚು. ಉಳಿದವರಲ್ಲಿ ಕೆನ್ನೆಯ ಒಳಭಾಗ ಅಥವಾ ನಾಲಿಗೆಯ ಮೇಲೆ, ಉಜ್ಜಿದರೂ ಹೋಗದ ಬಿಳಿ ಮಚ್ಚೆ ಮುನ್ಸೂಚನೆಯಾಗಿರಬಹುದು. ಕೆಂಪು ಮಚ್ಚೆ ಅದಕ್ಕಿಂತ ಅಪಾಯಕಾರಿ. ಎರಡು ವಾರವಾದರೂ ಮಾಯದ ಹುಣ್ಣನ್ನು ‘ಉಷ್ಣ’ ಎಂದು ತಳ್ಳಿಹಾಕದೆ ತೋರಿಸಲೇಬೇಕು.

ಕುರ್ಚಿಯಲ್ಲಿ ಕೂತಾಗಲೇ ಮಾತು

2016–17ರ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಶೇ 28.6ರಷ್ಟು ಮಂದಿ ತಂಬಾಕನ್ನು ಒಂದಲ್ಲ ಒಂದು ರೂಪದಲ್ಲಿ ಬಳಸುತ್ತಿದ್ದರು. ಕರ್ನಾಟಕದಲ್ಲಿ ಶೇ 22.8. ಶ್ವಾಸಕೋಶವನ್ನು ರೋಗಿ ಕಣ್ಣಾರೆ ನೋಡಲಾರ, ಬಾಯನ್ನು ನೋಡಬಲ್ಲ. ಕೈಗೊಂದು ಕನ್ನಡಿ ಕೊಟ್ಟು ‘ನೋಡಿ, ಇಲ್ಲಿ ಮೂಳೆ ಇಳಿದಿದೆ’ ಎಂದು ತೋರಿಸುವ ಅವಕಾಶ ದಂತವೈದ್ಯರಿಗಿದೆ. ಅವರು ಅನುಸರಿಸುವ ಕ್ರಮ ಸರಳ: ಸೇದುತ್ತೀರಾ ಎಂದು ಕೇಳುವುದು, ಬಿಡಿ ಎಂದು ಸ್ಪಷ್ಟವಾಗಿ ಹೇಳುವುದು, ಬಿಡುವ ಮನಸ್ಸಿದೆಯೇ ಎಂದು ಅರಿಯುವುದು, ನೆರವಾಗುವುದು, ಮುಂದಿನ ಭೇಟಿಯಲ್ಲಿ ಮತ್ತೆ ವಿಚಾರಿಸುವುದು. ಇಲ್ಲಿ ಬೈಗುಳಕ್ಕೆ ಜಾಗವಿಲ್ಲ. ಸಲಹೆಯ ಜೊತೆಗೆ ನಿಕೋಟಿನ್ ಬದಲಿ ಚಿಕಿತ್ಸೆಯನ್ನೂ ಕೊಟ್ಟರೆ ಬಿಡುವವರ ಸಂಖ್ಯೆ ಹೆಚ್ಚುತ್ತದೆ ಎಂದು 2021ರ ಕಾಕ್ರೇನ್ ವಿಮರ್ಶೆ ತಿಳಿಸಿದೆ.

ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಎಂಬ ಒಂದೇ ಪ್ರಶ್ನೆ ಚಟದ ಆಳವನ್ನು ಹೇಳುತ್ತದೆ. ಅರ್ಧ ಗಂಟೆಯೊಳಗೆ ಬೇಕಾದವರಿಗೆ 4 ಮಿಲಿಗ್ರಾಂ ನಿಕೋಟಿನ್ ಗಮ್, ಉಳಿದವರಿಗೆ 2 ಮಿಲಿಗ್ರಾಂ ಸಾಮಾನ್ಯ ಲೆಕ್ಕ. ಯಾವುದು ಯಾರಿಗೆ ಎಂಬುದನ್ನು ವೈದ್ಯರೇ ಹೇಳಬೇಕು. ಗಮ್ಮನ್ನು ಎಲೆಅಡಿಕೆಯಂತೆ ಎಡೆಬಿಡದೆ ಅಗಿಯಬಾರದು. ನಿಧಾನವಾಗಿ ಅಗಿದು, ಬಾಯಿ ಚುರುಗುಟ್ಟಿದಾಗ ಕೆನ್ನೆಗೂ ಒಸಡಿಗೂ ನಡುವೆ ಒತ್ತರಿಸಿಡಬೇಕು; ಚುರುಚುರು ತಗ್ಗಿದ ಮೇಲೆ ಮತ್ತೆ ಅಗಿಯಬೇಕು. ಅದಕ್ಕೆ ಕಾಲು ಗಂಟೆ ಮೊದಲಿಂದ ಕಾಫಿ, ಟೀ ಬೇಡ. ಅವುಗಳ ಆಮ್ಲೀಯತೆಯಿಂದ ನಿಕೋಟಿನ್ ಬಾಯಲ್ಲಿ ಸರಿಯಾಗಿ ಹೀರಲ್ಪಡುವುದಿಲ್ಲ.

‘ಬೆಳಿಗ್ಗೆ ಒಂದು ಬೀಡಿ ಎಳೆಯದಿದ್ರೆ ಹೊಟ್ಟೆ ಸರಿಹೋಗಲ್ಲ’ ಎನ್ನುವವರಿದ್ದಾರೆ. ನಿಕೋಟಿನ್ ಕರುಳನ್ನು ಚುರುಕುಗೊಳಿಸುವುದು ನಿಜ, ಬಿಟ್ಟಾಗ ಮಲಬದ್ಧತೆ ಕಾಡುವುದೂ ನಿಜ. ಅದು ಕೆಲವು ವಾರಗಳ ಮಾತು. ಹೆಚ್ಚು ನೀರು, ಸೊಪ್ಪು, ಹಣ್ಣು ಸಾಕಾಗುತ್ತದೆ. ಸಿಡುಕು, ನಿದ್ದೆಗೇಡು ಮೊದಲ ಎರಡು-ಮೂರು ದಿನ ಹೆಚ್ಚಿ ಆಮೇಲೆ ಇಳಿಯುತ್ತವೆ. ಸೇದಲೇಬೇಕೆಂಬ ತುಡಿತ ಒಂದೊಂದು ಸಲಕ್ಕೆ ಕೆಲವು ನಿಮಿಷ ಇರುತ್ತದೆ, ಅಷ್ಟು ಹೊತ್ತು ಟೀ ಅಂಗಡಿಯ ಮುಂದೆ ನಿಲ್ಲದಿದ್ದರೆ ಆಯಿತು. ಹೊಗೆ ಬಿಟ್ಟು ಗುಟ್ಕಾಕ್ಕೋ ಹೊಗೆಸೊಪ್ಪಿಗೋ ಕೈಹಾಕಿದರೆ ಮಾತ್ರ ಕ್ಯಾನ್ಸರಿಗೆ ಬೇರೆ ಬಾಗಿಲು ತೆರೆದಂತೆ.

ಇನ್ನೊಂದು ವಿಷಯವನ್ನು ರೋಗಿಗೆ ಮೊದಲೇ ಹೇಳಿರಬೇಕು. ಬಿಟ್ಟ ಕೆಲವು ವಾರಗಳಲ್ಲಿ ಒಸಡಿನಿಂದ ರಕ್ತ ಬರಲು ಶುರುವಾಗಬಹುದು. ‘ಸೇದುವಾಗಲೇ ಚೆನ್ನಾಗಿತ್ತು’ ಎಂದು ಗಾಬರಿಯಾಗಿ ಮತ್ತೆ ಹಚ್ಚಬಾರದು. ರಕ್ತ ಸಂಚಾರ ಮರಳುತ್ತಿರುವುದರ ಗುರುತು ಅದು. ಕ್ಲೀನಿಂಗ್ ಮಾಡಿಸಿ ಸರಿಯಾಗಿ ಹಲ್ಲುಜ್ಜಿದರೆ ತಗ್ಗುತ್ತದೆ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಂಬ ಭಯವೂ ಹೀಗೆಯೇ. ಮೂಳೆ ಮೊದಲೇ ಹೋಗಿರುತ್ತದೆ, ಗಾರೆ ತೆಗೆದಾಗ ಅದು ತಿಳಿಯುತ್ತದೆ ಅಷ್ಟೇ. ಬಿಟ್ಟು ಐದರಿಂದ ಹತ್ತು ವರ್ಷವಾದರೆ ಬಾಯಿ ಕ್ಯಾನ್ಸರಿನ ಹೆಚ್ಚುವರಿ ಅಪಾಯ ಅರ್ಧಕ್ಕಿಳಿಯುತ್ತದೆ.

ಒಬ್ಬರೇ ಹೋರಾಡಬೇಕಿಲ್ಲ. 1800-11-2356 ರಾಷ್ಟ್ರೀಯ ತಂಬಾಕು ಮುಕ್ತಿ ಸಹಾಯವಾಣಿಯ ಉಚಿತ ಸಂಖ್ಯೆ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲೂ ಆಪ್ತಸಲಹೆ ಸಿಗುತ್ತದೆ. ಬಿಟ್ಟವರು ಮತ್ತೆ ಹಚ್ಚುವುದು ಹೊಸದೇನಲ್ಲ. ಹಲವು ಸಲ ಸೋತ ಮೇಲೆ ಗೆದ್ದವರೇ ಬಹಳ. ‘ಮತ್ತೆ ಶುರು ಮಾಡಿಬಿಟ್ಟೆ, ಯಾವ ಮುಖ ಇಟ್ಟುಕೊಂಡು ಹೋಗಲಿ’ ಎಂದು ಅಪಾಯಿಂಟ್‌ಮೆಂಟ್ ತಪ್ಪಿಸುವವರು, ಡಾಕ್ಟರರನ್ನು ಕಾಣಬೇಕಾದ ದಿನ ಅದೇ ಎಂಬುದನ್ನು ಮರೆಯಬಾರದು.