ಹಟ್ಟಿಯ ಸಾವಿಗೆ ಕಾರಣ ಕೇಳುವವರು

ಮುಂಗಾರಿನ ಮೊದಲ ಮಳೆಗಳು ಬಿದ್ದು ನೆಲ ಹಸಿರಾದರೆ ಬಯಲುಸೀಮೆಯ ಕುರಿಗಾರರಿಗೆ ಖುಷಿಯ ಜತೆಗೇ ಒಂದು ಅಳುಕೂ ಹುಟ್ಟುತ್ತದೆ. ಬೇಸಿಗೆಯುದ್ದಕ್ಕೂ ಒಣಕಡ್ಡಿ ಮೇಯ್ದ ಮಂದೆ ಎಳೆಹುಲ್ಲಿಗೆ ಮುಗಿಬೀಳುತ್ತದೆ. ಸಂಜೆ ಹೊಟ್ಟೆ ಬಿರಿಯ ಮೇಯ್ದು ಬಂದ ಮರಿ ಬೆಳಗಾಗುವಷ್ಟರಲ್ಲಿ ಕಾಲು ಸೆಟೆದುಕೊಂಡು ಬಿದ್ದಿರುತ್ತದೆ. ಸತ್ತದ್ದು ಬಡಕಲು ಮರಿಯಲ್ಲ, ಮಂದೆಯಲ್ಲೇ ಚೆನ್ನಾಗಿ ಮೈ ತುಂಬಿಕೊಂಡಿದ್ದ ಮರಿ. ಹಾವು ಮುಟ್ಟಿರಬೇಕು ಎನ್ನುತ್ತಾರೆ ಒಬ್ಬರು, ವಿಷದ ಸೊಪ್ಪು ತಿಂದಿರಬೇಕು ಎನ್ನುತ್ತಾರೆ ಇನ್ನೊಬ್ಬರು, ಯಾರದೋ ಕೆಟ್ಟ ಕಣ್ಣು ಬಿತ್ತು ಎನ್ನುತ್ತಾರೆ ಮತ್ತೊಬ್ಬರು. ಮಾರನೆಯ ದಿನ ಇನ್ನೆರಡು ಮರಿ ಹೋಗುತ್ತವೆ.

ರೋಗಿ ಸತ್ತ ಮೇಲೆ ಚಿಕಿತ್ಸೆಯ ವೈದ್ಯರಿಗೆ ಕೆಲಸವಿಲ್ಲ. ಪಶು ರೋಗಶಾಸ್ತ್ರಜ್ಞರ, ಅಂದರೆ ಪಶು ಪೆಥಾಲಜಿಸ್ಟರ ಕೆಲಸ ಶುರುವಾಗುವುದೇ ಅಲ್ಲಿಂದ. ಅವರು ಸತ್ತ ಮರಿಯ ಹೊಟ್ಟೆ ಸೀಳಿ ನೋಡುತ್ತಾರೆ. ಸಣ್ಣ ಕರುಳು ಕೆಂಪೇರಿದೆ. ಹೃದಯದ ಚೀಲದಲ್ಲಿ ನೀರು ನಿಂತಿದೆ, ಹೊರಗೆ ತೆಗೆದರೆ ಹೆಪ್ಪುಗಟ್ಟುತ್ತದೆ. ಮೂತ್ರಪಿಂಡ ಬೆರಳು ತಾಗಿದರೆ ಕಲಸಿಹೋಗುವಷ್ಟು ಮೆದುವಾಗಿದೆ. ಕುರಿಯ ಕರುಳಿನಲ್ಲೇ ಸುಮ್ಮನೆ ಇದ್ದ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ, ಹಠಾತ್ತನೆ ಸಿಕ್ಕ ಸಮೃದ್ಧ ಮೇವಿನಲ್ಲಿ ವಿಪರೀತ ಬೆಳೆದು ವಿಷ ಕಕ್ಕಿದೆ. ಇದೇ ಕರುಳುಬೇನೆ. ಹೆಚ್ಚು ತಿನ್ನುವ ಗಟ್ಟಿಮುಟ್ಟಾದ ಮರಿಯೇ ಮೊದಲು ಸಾಯುವುದು ಇದರಿಂದಾಗಿ. ಕಾರಣ ತಿಳಿದ ದಿನವೇ ಮೇವು ಬದಲಿಸಿ ಉಳಿದ ಮಂದೆಗೆ ಲಸಿಕೆ ಹಾಕಿಸಬಹುದು.

ಇಲ್ಲೊಂದು ಸೂಕ್ಷ್ಮವಿದೆ. ಸತ್ತ ಕುರಿಯನ್ನು ಬಿಸಿಲಿಗೆ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಯಾವ ಕುರಿಯ ಮೂತ್ರಪಿಂಡವಾದರೂ ಮೆತ್ತಗಾಗುತ್ತದೆ. ಆಗ ರೋಗದ ಗುರುತು ಯಾವುದು, ಕೊಳೆಯುವಿಕೆಯ ಗುರುತು ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಈ ವಿದ್ಯೆಯ ಅರ್ಧ ಪಾಲು ಇರುವುದು ಅದನ್ನು ಬೇರ್ಪಡಿಸುವುದರಲ್ಲೇ. ನೆಲಕ್ಕೆ ಒತ್ತಿಕೊಂಡ ಕಡೆಯ ಶ್ವಾಸಕೋಶಕ್ಕೆ ರಕ್ತ ಇಳಿದು ಕಪ್ಪಾಗಿದ್ದರೆ ಅದು ನ್ಯುಮೋನಿಯಾ ಅಲ್ಲ. ಪಿತ್ತಕೋಶದ ಪಕ್ಕದ ಕರುಳು ಹಸಿರಾಗಿದ್ದರೆ ಅದು ವಿಷವಲ್ಲ. ಪುಸ್ತಕ ಓದಿ ಇದನ್ನು ಕಲಿಯಲಾಗದು. ಹಿರಿಯರ ಪಕ್ಕದಲ್ಲಿ ನಿಂತು, ಹೆಣದ ಮೇಲೆ ಹೆಣ ನೋಡಿಯೇ ಕಲಿಯಬೇಕು.

ನಮ್ಮ ಹಳ್ಳಿಗಳಲ್ಲಿ ಜಾನುವಾರಿನ ಮರಣೋತ್ತರ ಪರೀಕ್ಷೆ ಎಂದರೆ ವಿಮೆ ಹಣಕ್ಕೆ ಬೇಕಾದ ಒಂದು ಕಾಗದ ಎಂಬ ಭಾವನೆ ಬೇರೂರಿದೆ. ವಿಮೆ ಇಲ್ಲದ ಹಸು ಸತ್ತರೆ ನೇರ ಗುಂಡಿಗೆ. ಇದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ. ಪರೀಕ್ಷೆ ನಡೆಯುವುದು ಸತ್ತ ಹಸುವಿನ ಮೇಲೆ ನಿಜ, ಆದರೆ ಅದರಿಂದ ಉಳಿಯಬೇಕಾದದ್ದು ಕೊಟ್ಟಿಗೆಯಲ್ಲಿ ಇನ್ನೂ ಮೆಲುಕು ಹಾಕುತ್ತಿರುವ ಹಸುಗಳು. ಕೆಲವು ಸಲ ಅವನ್ನು ಸಾಕಿದವರ ಜೀವವೂ.

ಹಾಗೆಂದು ಎಲ್ಲ ಹೆಣವನ್ನೂ ಕೊಯ್ಯುವಂತಿಲ್ಲ. ಚೆನ್ನಾಗಿದ್ದ ದನ ಇದ್ದಕ್ಕಿದ್ದಂತೆ ಸತ್ತು, ಮೂಗು, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಅನುಭವಿ ಪೆಥಾಲಜಿಸ್ಟ್ ಚಾಕುವನ್ನು ಕೆಳಗಿಡುತ್ತಾರೆ. ಅದು ಆಂಥ್ರಾಕ್ಸ್, ನಮ್ಮ ಕಡೆಯ ನೆರಡಿ ರೋಗ ಇರಬಹುದು. ಹೊಟ್ಟೆ ಸೀಳದಿದ್ದರೆ ಒಳಗಿನ ಬ್ಯಾಕ್ಟೀರಿಯಾಗಳು ಕೊಳೆಯುವ ದೇಹದೊಂದಿಗೇ ನಾಶವಾಗುತ್ತವೆ. ಸೀಳಿದರೆ ಗಾಳಿ ತಾಗಿ ಅವು ಗಟ್ಟಿ ಬೀಜಕಗಳಾಗಿ ಮಾರ್ಪಟ್ಟು ಆ ಮಣ್ಣಿನಲ್ಲಿ ದಶಕಗಟ್ಟಲೆ ಕೂರುತ್ತವೆ. ಹಾಗಾಗಿ ಕಿವಿಯ ರಕ್ತನಾಳದಿಂದ ಒಂದು ತೊಟ್ಟು ರಕ್ತ ತೆಗೆದು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ನೋಡುತ್ತಾರೆ. ನೀಲಿ ಕಡ್ಡಿಗಳ ಸುತ್ತ ನಸುಗೆಂಪು ಹೊದಿಕೆ ಕಂಡರೆ ಮುಗಿಯಿತು, ಶವವನ್ನು ಸುಣ್ಣ ಹಾಕಿ ಆಳಕ್ಕೆ ಹೂಳಬೇಕು. ಈ ಪರೀಕ್ಷೆಯನ್ನು ಬ್ರಿಟನ್ನಿನ ಪಶುವಿಜ್ಞಾನಿ ಜಾನ್ ಮೆಕ್‌ಫ್ಯಾಡಿಯನ್ 1903ರಲ್ಲಿ ವಿವರಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ.

ಮನುಷ್ಯರ ಜೀವಕ್ಕೂ ಕುತ್ತು ತರುವ ಇನ್ನೊಂದು ರೋಗ ರೇಬಿಸ್. ಹುಚ್ಚುನಾಯಿ ಕಚ್ಚಿದ ಹಸುವಿಗೆ ನುಂಗಲಾಗದೆ ಜೊಲ್ಲು ಸುರಿಯುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಮನೆಯವರು ಬಾಯೊಳಗೆ ಕೈ ಹಾಕುತ್ತಾರೆ. ಹಸು ಸತ್ತ ಮೇಲೆ ಮಿದುಳು ಪರೀಕ್ಷೆಯಾದರೆ ಮಾತ್ರ ಆ ಕೈ ಹಾಕಿದವರು ಲಸಿಕೆ ತೆಗೆದುಕೊಳ್ಳಲೇಬೇಕು ಎಂಬುದು ಖಚಿತವಾಗುತ್ತದೆ. ಫಲಿತಾಂಶಕ್ಕೆ ಕಾಯದೆ ಮೊದಲೇ ಆಸ್ಪತ್ರೆಗೆ ಹೋಗಬೇಕು ಎಂಬುದು ಬೇರೆ ಮಾತು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಈ ಪರೀಕ್ಷೆಗೆಂದೇ ಒಂದು ಪ್ರಯೋಗಾಲಯವಿದೆ.

ಶವಪರೀಕ್ಷೆಯಲ್ಲಿ ಕಣ್ಣಿಗೆ ಕಾಣುವುದು ಮೊದಲ ಅಧ್ಯಾಯ ಮಾತ್ರ. ಪಿತ್ತಜನಕಾಂಗ, ಶ್ವಾಸಕೋಶ, ಮಿದುಳುಗಳ ಸಣ್ಣ ತುಂಡುಗಳು ಫಾರ್ಮಲಿನ್ ಬಾಟಲಿ ಸೇರಿ ಪ್ರಯೋಗಾಲಯಕ್ಕೆ ಬರುತ್ತವೆ. ಅಲ್ಲಿ ನೀರಿನ ಅಂಶ ತೆಗೆದು ಮೇಣದಲ್ಲಿ ಅದ್ದಿ ಅಚ್ಚು ಮಾಡಿ, ಮೈಕ್ರೋಟೋಮ್ ಎಂಬ ಯಂತ್ರದ ಅಲಗಿನಿಂದ ನಾಲ್ಕೈದು ಮೈಕ್ರಾನ್ ದಪ್ಪಕ್ಕೆ, ಈರುಳ್ಳಿಯ ಒಳಪೊರೆಗಿಂತಲೂ ತೆಳುವಾಗಿ ಹೆರೆಯುತ್ತಾರೆ. ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ ಬರುವ ಹಿಮಟಾಕ್ಸಿಲಿನ್ ಬಣ್ಣ ಜೀವಕೋಶದ ಕೇಂದ್ರವನ್ನು ನೀಲಿಯಾಗಿಸುತ್ತದೆ, ಇಯೊಸಿನ್ ಉಳಿದದ್ದನ್ನು ಗುಲಾಬಿಯಾಗಿಸುತ್ತದೆ. ಸೂಕ್ಷ್ಮದರ್ಶಕದಡಿ ಆ ನೀಲಿ ಗುಲಾಬಿಯ ಹರವಿನಲ್ಲಿ ಎಲ್ಲಿ ಕ್ರಮ ತಪ್ಪಿದೆ ಎಂದು ಹುಡುಕುತ್ತ ಗಂಟೆಗಟ್ಟಲೆ ಕೂರುವ ತಾಳ್ಮೆ ಬೇಕು.

ಆ ತಾಳ್ಮೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ಒಂದು ಪ್ರಸಂಗ ಸಾಕು. 1985ರಲ್ಲಿ ವೇಬ್ರಿಜ್‌ನ ಕೇಂದ್ರೀಯ ಪಶುವೈದ್ಯಕೀಯ ಪ್ರಯೋಗಾಲಯಕ್ಕೆ ಸಸೆಕ್ಸ್‌ನ ಒಂದು ಡೇರಿಯಿಂದ ಹಸುವಿನ ಮಿದುಳಿನ ಮಾದರಿ ಬಂತು. ಪೆಥಾಲಜಿಸ್ಟ್ ಕ್ಯಾರಲ್ ರಿಚರ್ಡ್‌ಸನ್ ಅದರಲ್ಲಿ ಸ್ಪಂಜಿನ ರಂಧ್ರಗಳನ್ನು ಗುರುತಿಸಿ ದಾಖಲಿಸಿದರು. ಕುರಿಗಳ ಸ್ಕ್ರೇಪಿ ರೋಗದಲ್ಲಿ ಕಾಣುವ ಲಕ್ಷಣವದು, ಹಸುವಿನಲ್ಲಿ ಯಾರೂ ನಿರೀಕ್ಷಿಸಿರಲಿಲ್ಲ. ಮುಂದಿನ ವರ್ಷ ಬೇರೆ ಹಿಂಡುಗಳ ಹಸುಗಳಲ್ಲೂ ಅದೇ ಕಂಡಾಗ ಜೆರಾಲ್ಡ್ ವೆಲ್ಸ್ ಮತ್ತು ಸಂಗಡಿಗರು ಇದು ಹೊಸ ರೋಗವೆಂದು ಅರಿತು 1987ರಲ್ಲಿ ಪ್ರಕಟಿಸಿದರು. ಜಗತ್ತು ಅದನ್ನು ಹುಚ್ಚು ಹಸು ರೋಗ ಎಂದು ಕರೆಯಿತು. ಸತ್ತ ಪ್ರಾಣಿಗಳ ಮಾಂಸ ಮತ್ತು ಮೂಳೆಪುಡಿಯನ್ನು ಹಸುವಿನ ಮೇವಿಗೆ ಬೆರೆಸಿದ್ದೇ ಹರಡಲು ಕಾರಣ ಎಂದು ತಿಳಿದು, 1988ರಲ್ಲಿ ಅಂಥ ಮೇವು ನಿಷೇಧವಾಯಿತು. ಮನುಷ್ಯರಿಗೂ ಅದು ದಾಟಿದೆ ಎಂದು ಅಲ್ಲಿನ ಸರ್ಕಾರ ಹೇಳಿದ್ದು 1996ರಲ್ಲಿ. ಸೂಕ್ಷ್ಮದರ್ಶಕ ಹನ್ನೊಂದು ವರ್ಷ ಮೊದಲೇ ಮಾತಾಡಿತ್ತು.

ಹೆಬ್ಬಾಳಕ್ಕೆ ಮರಳೋಣ. ಇಲ್ಲಿನ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಹುಟ್ಟಿದ್ದು 1925ರಲ್ಲಿ, ಮೈಸೂರು ಸೀರಂ ಸಂಸ್ಥೆಯಾಗಿ. ಆಗಿನ ದೊಡ್ಡ ಶತ್ರು ರಿಂಡರ್‌ಪೆಸ್ಟ್, ಹಳ್ಳಿಯವರ ದೊಡ್ಡ ರೋಗ. ಬಾಯಿ ಹುಣ್ಣಾಗಿ, ಭೇದಿಯಾಗಿ ದನಗಳು ಊರಿಗೆ ಊರೇ ಉರುಳುತ್ತಿದ್ದವು. ಸತ್ತ ದನದ ದೊಡ್ಡಕರುಳಿನಲ್ಲಿ ಉದ್ದುದ್ದ ಕೆಂಪು ಪಟ್ಟೆಗಳು ಕಾಣುತ್ತಿದ್ದವು. ಅದನ್ನು ಒಮ್ಮೆ ನೋಡಿದ ವೈದ್ಯರು ಮರೆಯುತ್ತಿರಲಿಲ್ಲ. 1889ರಲ್ಲಿ ಪುಣೆಯಲ್ಲಿ ಶುರುವಾಗಿ ನಂತರ ಹಿಮಾಲಯದ ಮುಕ್ತೇಶ್ವರಕ್ಕೆ ಹೋದ ಪ್ರಯೋಗಾಲಯ ಈ ರೋಗದ ಬೆನ್ನು ಹತ್ತಿತು. ಅಲ್ಲಿ ಜೆ. ಟಿ. ಎಡ್ವರ್ಡ್ಸ್ 1920ರ ದಶಕದಲ್ಲಿ ಮೇಕೆಯ ಮೂಲಕ ಹಾಯಿಸಿದ ವೈರಸ್ಸಿನಿಂದ ಲಸಿಕೆ ಮಾಡಿದರು. ಭಾರತದಲ್ಲಿ ಕಡೆಯ ರಿಂಡರ್‌ಪೆಸ್ಟ್ ಕಂಡದ್ದು 1995ರಲ್ಲಿ. 2011ರಲ್ಲಿ ಭೂಮಿಯಿಂದಲೇ ಅಳಿಯಿತೆಂದು ಘೋಷಣೆಯಾಯಿತು. ಸಿಡುಬಿನ ನಂತರ ಮನುಷ್ಯ ನಿರ್ಮೂಲ ಮಾಡಿದ ಎರಡನೆಯ ರೋಗ ದನದ ರೋಗ ಎಂಬುದನ್ನು ಶಾಲಾ ಮಕ್ಕಳಿಗೂ ಹೇಳಿಕೊಡಬೇಕು.

ಆ ಗೆಲುವಿನ ನಡುವೆ ಒಂದು ತೊಡಕಿತ್ತು. ಕುರಿ ಮೇಕೆಗಳೂ ಅದೇ ಬಗೆಯ ಬಾಯಿ ಹುಣ್ಣು, ಭೇದಿಯಿಂದ ಸಾಯುತ್ತಿದ್ದವು. ಅದನ್ನೂ ರಿಂಡರ್‌ಪೆಸ್ಟ್ ಎಂದೇ ಭಾವಿಸಲಾಗುತ್ತಿತ್ತು. 1987ರಲ್ಲಿ ತಮಿಳುನಾಡಿನ ಅರಸೂರಿನ ಕುರಿಗಳಲ್ಲಿ ಕಂಡ ರೋಗವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎಸ್. ಶೈಲಾ ಮತ್ತು ಸಹೋದ್ಯೋಗಿಗಳು ಪರೀಕ್ಷಿಸಿ, ಇದು ರಿಂಡರ್‌ಪೆಸ್ಟಿನ ಸೋದರ ಪಿಪಿಆರ್, ಭಾರತದಲ್ಲಿ ಮೊದಲ ಬಾರಿ ಪತ್ತೆಯಾದದ್ದು ಎಂದು 1989ರಲ್ಲಿ ತಿಳಿಸಿದರು. ಕರ್ನಾಟಕದ ಕುರಿಗಾರರು ಹಿರೇಬೇನೆ ಎನ್ನುವುದು ಇದನ್ನೇ. ಅರಸೂರಿನ ಆ ವೈರಸ್ ತಳಿಯಿಂದಲೇ ಮುಂದೆ ಒಂದು ಲಸಿಕೆ ತಯಾರಾಯಿತು. ಪಿಪಿಆರ್ ಅನ್ನು 2030ರೊಳಗೆ ಜಗತ್ತಿನಿಂದ ತೊಲಗಿಸುವ ಗುರಿ ಈಗ ಇದೆ. ರೋಗ ವಿರಳವಾದಂತೆ ಪೆಥಾಲಜಿಸ್ಟರ ಕೆಲಸ ಕಡಿಮೆಯಾಗುತ್ತದೆ ಎಂದುಕೊಳ್ಳುವುದು ತಪ್ಪು. ನೀಲಿ ನಾಲಿಗೆ ರೋಗ, ಕುರಿ ಸಿಡುಬು, ಹಿರೇಬೇನೆಗಳ ಲಕ್ಷಣಗಳು ಒಂದನ್ನೊಂದು ಹೋಲುವುದರಿಂದ, ಕೊನೆಕೊನೆಗೆ ಪ್ರತಿಯೊಂದು ಸಾವನ್ನೂ ಪ್ರತ್ಯೇಕವಾಗಿ ಪ್ರಶ್ನಿಸಬೇಕಾಗುತ್ತದೆ.

ಮಲೆನಾಡಿಗಂತೂ ಪ್ರಾಣಿಯ ಸಾವು ಓದಬೇಕಾದ ಎಚ್ಚರಿಕೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗಲೇ ಸುತ್ತಲಿನ ಊರಿನವರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಉಣ್ಣಿಯಿಂದ ಹರಡುವ ಹೊಸ ವೈರಸ್ ಕಂಡುಹಿಡಿದರು. ಅದೇ ಮಂಗನ ಕಾಯಿಲೆ. ಅದರ ಕಾಲದಲ್ಲಿ ಸತ್ತ ಮಂಗದ ಸುದ್ದಿ ಮುಟ್ಟಿದ ಕೂಡಲೇ ಅಧಿಕಾರಿಗಳು ಓಡುವುದು ಅದರಿಂದಲೇ. ಇದೇ ವೈರಸ್ ಬಳಗದ್ದು ಸ್ಕಾಟ್ಲೆಂಡಿನ ಕುರಿಗಳ ಮಿದುಳಿಗೆ ತಗಲುವ ಲೂಪಿಂಗ್ ಇಲ್. ಅದರ ಮೇಲೆ ಎಡಿನ್‌ಬರೊದಲ್ಲಿ ಪಿಎಚ್.ಡಿ. ಮಾಡಿದ ಆಸ್ಟ್ರೇಲಿಯದ ಪಶುವೈದ್ಯ ಪೀಟರ್ ಡೊಹರ್ಟಿ ಮುಂದೆ ದೇಹದ ರಕ್ಷಣಾ ಕೋಶಗಳ ಸಂಶೋಧನೆಗೆ ಹೊರಳಿ 1996ರ ನೊಬೆಲ್ ಪಡೆದರು.

ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳೂ ಈ ವಿದ್ಯೆಗೆ ಋಣಿ. ಉಪಖಂಡದಲ್ಲಿ ರಣಹದ್ದುಗಳು ಕಣ್ಮರೆಯಾಗುತ್ತಿದ್ದಾಗ ಸೋಂಕುರೋಗವೆಂದೇ ಹಲವರು ಊಹಿಸಿದ್ದರು. ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಕೊಯ್ದು ನೋಡಿದ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರಿಗೆ ಒಳಾಂಗಗಳ ಮೇಲೆ ಸುಣ್ಣ ಬಳಿದಂತೆ ಬಿಳಿ ಯೂರಿಕ್ ಆಮ್ಲ ಕಂಡಿತು. ಮೂತ್ರಪಿಂಡ ಸೋತಿತ್ತು. ದನಗಳ ನೋವಿಗೆ ಕೊಟ್ಟ ಡೈಕ್ಲೋಫೆನಾಕ್ ಸತ್ತ ದನದ ಮಾಂಸದಲ್ಲಿ ಉಳಿದು ಹದ್ದನ್ನು ಕೊಲ್ಲುತ್ತಿದೆ ಎಂದು 2004ರಲ್ಲಿ ಅವರು ತೋರಿಸಿದರು. ಭಾರತ 2006ರಲ್ಲಿ ಪಶುಗಳಿಗಾಗಿ ಅದರ ತಯಾರಿಕೆ ನಿಲ್ಲಿಸಿತು.

ಈ ದಾರಿ ಹಿಡಿಯಬೇಕೆನ್ನುವ ವಿದ್ಯಾರ್ಥಿ ಮೊದಲು ಐದೂವರೆ ವರ್ಷದ ಪಶುವೈದ್ಯ ಪದವಿ ಮುಗಿಸಬೇಕು. ರಾಜ್ಯದಲ್ಲಿ ಬೆಂಗಳೂರು, ಬೀದರ್, ಶಿವಮೊಗ್ಗ, ಹಾಸನ, ಗದಗ, ಅಥಣಿಗಳಲ್ಲಿ ಕಾಲೇಜುಗಳಿವೆ. ಆಮೇಲೆ ರೋಗಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ, ಸಂಶೋಧನೆಗೆ ಪಿಎಚ್.ಡಿ. ಕೆಲಸ ಹೆಬ್ಬಾಳದ ಸಂಸ್ಥೆಯಲ್ಲಿರಬಹುದು, ಕಾಲೇಜುಗಳಲ್ಲಿರಬಹುದು, ಯಾವ ಜಿಲ್ಲೆಗೆ ಯಾವ ರೋಗ ಬರಬಹುದೆಂದು ಎರಡು ತಿಂಗಳು ಮೊದಲೇ ಮುನ್ಸೂಚನೆ ಕೊಡುವ ಯಲಹಂಕದ ನಿವೇದಿ ಸಂಸ್ಥೆಯಲ್ಲಿರಬಹುದು, ಬರೇಲಿಯ ಇಜ್ಜತ್‌ನಗರದ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಅಥವಾ ಭೋಪಾಲದ ಅತಿಸುರಕ್ಷಿತ ಪ್ರಯೋಗಾಲಯದಲ್ಲಿರಬಹುದು. ಔಷಧ ಕಂಪನಿಗಳೂ ಇವರನ್ನು ಕರೆಯುತ್ತವೆ, ಅಲ್ಲಿ ಇಲಿಗಳ ಅಂಗಾಂಶ ನೋಡಿ ಹೊಸ ಮದ್ದಿನ ವಿಷಗುಣ ಅಳೆಯುತ್ತಾರೆ. ಅದೂ ಬೇಕಾದ ಕೆಲಸವೇ. ಆದರೆ ಕುರಿಹಟ್ಟಿಗೆ ಹೋಗಲು ಸಿದ್ಧರಾದವರು ಹೆಚ್ಚು ಬೇಕು ಎಂಬುದು ನನ್ನ ಆಸೆ.

ರೈತರ ಪಾಲಿನ ಕೆಲಸ ದೊಡ್ಡದೇನಲ್ಲ. ದನ, ಕುರಿ ಸತ್ತ ಗಳಿಗೆಯಲ್ಲೇ ಹತ್ತಿರದ ಪಶು ಆಸ್ಪತ್ರೆಗೆ ಫೋನ್ ಮಾಡಬೇಕು, ಶವವನ್ನು ನೆರಳಿಗೆ ಸರಿಸಿ ನಾಯಿಗಳಿಂದ ಕಾಯಬೇಕು, ರಕ್ತ ಸೋರುತ್ತಿದ್ದರೆ ಮುಟ್ಟದೆ ದೂರವಿರಬೇಕು. ವೈದ್ಯರು ಬಂದು ಒಂದೇ ಅಂಗದ ಎರಡು ತುಂಡು ತೆಗೆಯುತ್ತಾರೆ. ಒಂದು ಫಾರ್ಮಲಿನ್‌ಗೆ, ಸೂಕ್ಷ್ಮದರ್ಶಕಕ್ಕಾಗಿ. ಇನ್ನೊಂದು ಮಂಜುಗಡ್ಡೆಯ ಡಬ್ಬಿಗೆ, ರೋಗಾಣುವನ್ನು ಬೆಳೆಸಿ ನೋಡಲು. ಫಾರ್ಮಲಿನ್ ರೋಗಾಣುವನ್ನು ಕೊಲ್ಲುತ್ತದೆ, ಮಂಜುಗಡ್ಡೆಯಲ್ಲಿ ಹೆಪ್ಪುಗಟ್ಟಿದರೆ ಜೀವಕೋಶ ಒಡೆಯುತ್ತದೆ. ಆದ್ದರಿಂದ ಎರಡೂ ಬೇಕು, ಎರಡೂ ಅದೇ ದಿನ ಹೊರಡಬೇಕು.