ಜಪಾನಿನ ಶಿಸ್ತು ರಕ್ತದಲ್ಲಿಲ್ಲ, ರೂಢಿಯಲ್ಲಿದೆ

ಜಪಾನಿನಲ್ಲಿ ಭೂಕಂಪವಾದಾಗಲೆಲ್ಲ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಮಾತು: "ಅವರನ್ನು ನೋಡಿ ಕಲೀಬೇಕು." ಕಲೀಬೇಕು ನಿಜ. ಆದರೆ ಏನನ್ನು?

1995ರ ಜನವರಿ 17ರ ಕೋಬೆ ಭೂಕಂಪದಲ್ಲಿ 6,400ಕ್ಕೂ ಹೆಚ್ಚು ಜನ ಸತ್ತರು. ಅವಶೇಷಗಳಡಿಯಿಂದ ಬದುಕಿ ಬಂದವರಲ್ಲಿ ಬಹುಪಾಲು ಮಂದಿಯನ್ನು ಹೊರಗೆಳೆದದ್ದು ಮನೆಯವರು, ಅಕ್ಕಪಕ್ಕದವರು. ಅವಾಜಿ ದ್ವೀಪದ ಹೊಕುದಾನ್‌ನಲ್ಲಂತೂ ಯಾರ ಮನೆಯಲ್ಲಿ ಯಾರು ಎಲ್ಲಿ ಮಲಗ್ತಾರೆ ಅನ್ನೋದು ನೆರೆಯವರಿಗೆ ಗೊತ್ತಿತ್ತು. ಅದೇ ಜೀವ ಉಳಿಸಿತು.

ಇದನ್ನು 'ಜಪಾನಿ ಗುಣ' ಅನ್ನೋದು ತಪ್ಪು. 1923ರ ಕಾಂಟೊ ಭೂಕಂಪದಲ್ಲಿ ಗಾಳಿಸುದ್ದಿ ನಂಬಿದ ಕಾವಲು ಗುಂಪುಗಳು ಕೊರಿಯನ್ನರನ್ನು ಕೊಂದವು. ಬಿಗಿಯಾದ ಒಗ್ಗಟ್ಟು 'ಹೊರಗಿನವರ' ಮೇಲೆ ತಿರುಗಿಬೀಳಲೂಬಹುದು. ಇಂದು ಅದೇ ಸೆಪ್ಟೆಂಬರ್ 1ರಂದು ದೇಶದ ಉದ್ದಗಲಕ್ಕೂ ವಿಪತ್ತಿನ ತಾಲೀಮು ನಡೆಯುತ್ತೆ. ಕಸ, ಹಬ್ಬ ನೋಡಿಕೊಳ್ಳುವ 'ಚೋನಾಯ್‌ಕಾಯ್' ಎಂಬ ಬೀದಿ ಸಂಘಗಳೂ ಅದರಲ್ಲಿ ಸೇರುತ್ತವೆ. ತುರ್ತಿನಲ್ಲಿ ನೆರವು ಬೇಕಾದ ವೃದ್ಧರು, ಅಂಗವಿಕಲರ ಪಟ್ಟಿ ಇಡುವುದನ್ನು 2013ರಲ್ಲಿ ಸ್ಥಳೀಯ ಆಡಳಿತಗಳಿಗೆ ಕಡ್ಡಾಯ ಮಾಡಲಾಯಿತು.

ಈಗ ನಮ್ಮ ಯಲಹಂಕಕ್ಕೆ ಬನ್ನಿ. ಕೇಂದ್ರ ಸರ್ಕಾರಿ ನೌಕರರಿಗಾಗಿ ಕಟ್ಟಿದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್ 2021ರ ನವೆಂಬರ್‌ನಲ್ಲಿ ಮುಳುಗಿತು. 2024ರ ಅಕ್ಟೋಬರ್‌ನಲ್ಲಿ ಮತ್ತೆ ಮುಳುಗಿತು. ಎರಡು ಸಲವೂ ಜನ ದೋಣಿ ಹತ್ತಿದರು. ಯಲಹಂಕ ಕೆರೆಯ ಕೋಡಿ ನೀರು ಜಕ್ಕೂರು ಕೆರೆಯತ್ತ ಹರಿಯಬೇಕು. ರಾಜಕಾಲುವೆ ಸಾಲದಿದ್ದರೆ ಅದು ತಗ್ಗಿನ ಮನೆಗಳಿಗೇ ನುಗ್ಗುತ್ತೆ.

ನೆರೆಹೊರೆಯ ಒಗ್ಗಟ್ಟು ಕಾಲುವೆಯನ್ನು ಅಗಲ ಮಾಡಲ್ಲ. ಅದು ಸರ್ಕಾರದ ಕೆಲಸ. 'ನಮ್ಮ ಜನ ಗಟ್ಟಿಗರು' ಎಂದು ಹೊಗಳಿ ಆ ಕೆಲಸದಿಂದ ನುಣುಚಿಕೊಳ್ಳುವಂತಿಲ್ಲ. ಇನ್ನೊಂದು ಸಂಗತಿ: ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ಎರಡು ಪ್ರವಾಹಗಳ ಹೊತ್ತಿಗೂ ವಾರ್ಡಿಗೆ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಜನರ ಸಂಘವನ್ನೂ ಸರ್ಕಾರದ ಯಂತ್ರವನ್ನೂ ಜೋಡಿಸಬೇಕಾದ ಕೊಂಡಿಯೇ ಕಳಚಿತ್ತು.

ಎಂಜಿನಿಯರಿಂಗ್ ಓದುವಾಗ ನಮಗೆ ಕಲಿಸಿದ್ದು ಇಷ್ಟೇ: ಒಂದು ಭಾಗ ಕೈಕೊಟ್ಟರೂ ವ್ಯವಸ್ಥೆ ನಿಲ್ಲಬಾರದು, ಅದಕ್ಕೆ ಬದಲಿ ದಾರಿ ಮೊದಲೇ ಇರಬೇಕು. ವಿಪತ್ತಿನಲ್ಲಿ ಆ ಬದಲಿ ದಾರಿ ಪಕ್ಕದ ಮನೆಯವರು. ಹೆಬ್ಬಾಳವಿರಲಿ, ಆರ್‌.ಟಿ. ನಗರವಿರಲಿ, ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಪಾರ್ಕಿಂಗ್ ಜಗಳಕ್ಕೆ ಮುಂಚೆ ಒಂದು ಪ್ರಶ್ನೆ ಕೇಳಿ: ಕರೆಂಟ್ ಹೋಗಿ, ಲಿಫ್ಟ್ ನಿಂತು, ನೆಲಮಹಡಿಗೆ ನೀರು ನುಗ್ಗಿದರೆ ಯಾರನ್ನು ಮೊದಲು ಇಳಿಸಬೇಕು, ಯಾರು ಇಳಿಸ್ತಾರೆ? ಆ ಪಟ್ಟಿಯಲ್ಲಿ ಬಾಡಿಗೆಯವರು, ವಾಚ್‌ಮನ್ ಕುಟುಂಬ, ಹಿಂದಿನ ಶೆಡ್ಡಿನವರೂ ಇರಲಿ.