ಜೀವವಿಕಾಸದ ಬೋಧನೆ ಮತ್ತು ರಾಗಿಯ ತೆನೆ

ಪ್ರೌಢಶಾಲಾ ಶಿಕ್ಷಕರಿಗೆ ಜೀವವಿಕಾಸವನ್ನು ಕುರಿತು ತರಬೇತಿ ನೀಡುವಾಗ ಮೊದಲು ಎದುರಾಗುವ ತೊಡಕು ಭಾಷೆಯದು. ‘ವಿಕಾಸ’ವೆಂದರೆ ಅರಳುವುದು, ಮೇಲೇರುವುದು ಎಂಬ ಅರ್ಥ ಕನ್ನಡದಲ್ಲಿ ರೂಢವಾಗಿದೆ, ಡಾರ್ವಿನ್ನರ ನಿಸರ್ಗದ ಆಯ್ಕೆಗೆ ಅಂತಹ ಗುರಿಯಿಲ್ಲ. ‘ಮಂಗನಿಂದ ಮಾನವ’ ಎಂಬ ಜನಪ್ರಿಯ ಸೂತ್ರವೂ ದಾರಿ ತಪ್ಪಿಸುತ್ತದೆ. ಮನುಷ್ಯನಿಗೂ ಇಂದಿನ ಮಂಗಗಳಿಗೂ ಇದ್ದುದು ಸಮಾನ ಪೂರ್ವಜ.

2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಡಲಾಯಿತು. ಮುಂದೆ ವಿಜ್ಞಾನ ಓದದ ಮಕ್ಕಳಿಗೆ ಈ ವಿಷಯ ತಲುಪುವುದಿದ್ದರೆ ಅದು ಶಿಕ್ಷಕರಿಂದಲೇ.

ಇಲ್ಲಿ ಜನಪದರ ಕೃಷಿಜ್ಞಾನವು ಸಮರ್ಥ ಆಕರವೆಂಬುದು ನನ್ನ ಅಭಿಪ್ರಾಯ. 1859ರ ಗ್ರಂಥವನ್ನು ಡಾರ್ವಿನ್ನರು ಆರಂಭಿಸಿದ್ದೇ ಸಾಕುಪ್ರಾಣಿ ಹಾಗೂ ಬೆಳೆಗಳ ವೈವಿಧ್ಯದಿಂದ. ಬಿತ್ತನೆಗೆಂದು ದಪ್ಪ ತೆನೆಗಳನ್ನು ಆರಿಸಿಡುವ ರೈತ ಮಹಿಳೆ ಮಾಡುವುದೂ ಆಯ್ಕೆಯೇ. ಪೂರ್ವ ಆಫ್ರಿಕದಲ್ಲಿ ಮೊದಲು ಕೃಷಿಗೊಳಗಾದ ರಾಗಿಯು ಇಲ್ಲಿಗೆ ಬಂದು ಬೇರೆಯೇ ಕವಲಾಯಿತು. ಲಕ್ಷ್ಮಣಯ್ಯನವರ ‘ಇಂಡಾಫ್’ ತಳಿಗಳು ಆ ಎರಡು ಕವಲುಗಳನ್ನು ಮತ್ತೆ ಬೆಸೆದವು. ಇಂಡಿಯಾ, ಆಫ್ರಿಕ ಎರಡೂ ಆ ಹೆಸರಿನಲ್ಲಿಯೇ ಇವೆ. ಇನ್ನು ಆರಿಸುವವಳಿಲ್ಲದಿದ್ದರೆ? ಮಳೆ ಬೇಗ ನಿಂತ ವರ್ಷ ಬೇಗ ಮಾಗಿದ ಗಿಡವೇ ಹೆಚ್ಚು ಬೀಜ ಉಳಿಸುತ್ತದೆ. ಶಿಕ್ಷಕರು ಮಕ್ಕಳನ್ನು ಕರೆದೊಯ್ಯಬೇಕಾದ ಹೆಜ್ಜೆ ಇದು.

ಮಂಟೇಸ್ವಾಮಿ ಕಾವ್ಯದ ಸೃಷ್ಟಿಕಥನವನ್ನು ವಿಜ್ಞಾನದ ಎದುರಾಳಿಯಾಗಿ ನಿಲ್ಲಿಸುವುದಾಗಲಿ, ಅದಕ್ಕೆ ಪುರಾವೆಯಾಗಿ ಎಳೆತರುವುದಾಗಲಿ ಸಲ್ಲದು. ಕಾವ್ಯದ ಕೆಲಸವೇ ಬೇರೆ.

ಯಲಹಂಕ, ಹೆಬ್ಬಾಳದ ಶಿಕ್ಷಕರಿಗೆ ಇನ್ನೊಂದು ಅನುಕೂಲವುಂಟು. ಜಿಕೆವಿಕೆಯ ರಾಗಿ ತಾಕುಗಳು ಸಮೀಪದಲ್ಲಿವೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಹಣ್ಣುನೊಣಗಳನ್ನು ನೂರಾರು ಪೀಳಿಗೆಗಳವರೆಗೆ ಸಾಕಿ, ಆಯ್ಕೆಯಿಂದ ಅವುಗಳ ಬೆಳವಣಿಗೆಯ ಅವಧಿ ಬದಲಾಗುವುದನ್ನು ಅಳೆದಿದ್ದಾರೆ.